ತರಗತಿಯ ಬಣ್ಣ ಬದಲಿಸುವ ದೀಪ ಸರಿ ಇಲ್ಲವೇ? ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಮಲೆನಾಡಿನ ಆಷಾಢದಲ್ಲಿ ಬೆಳಿಗ್ಗೆ ಹನ್ನೊಂದು ಗಂಟೆಗೂ ತರಗತಿಗೆ ದೀಪ ಬೇಕು. ಕಿಟಕಿ ತೆರೆದರೆ ಎರಚಲು ಒಳಗೆ ಬರುತ್ತದೆ, ಮುಚ್ಚಿದರೆ ಹಲಗೆಯ ಮೇಲಿನ ಅಕ್ಷರ ಕಾಣುವುದಿಲ್ಲ. ಇಂಥ ಕೋಣೆಗಳಿಗೆ ಬಣ್ಣ ಬದಲಿಸುವ ಎಲ್‌ಇಡಿ ಪ್ಯಾನೆಲ್‌ಗಳು ಬಂದಾಗ ನಮಗೆಲ್ಲ ಖುಷಿಯಾಗಿತ್ತು. ಗಣಿತಕ್ಕೆ ಬಿಳಿ ಬೆಳಕು, ಊಟದ ನಂತರದ ಕಥೆ ಓದುವ ಪೀರಿಯಡ್ಡಿಗೆ ಹಳದಿ ಬೆಳಕು. ಎರಡನೇ ಮಳೆಗಾಲದ ಹೊತ್ತಿಗೆ ಒಂದು ಕೋಣೆಯ ಆರು ಪ್ಯಾನೆಲ್‌ಗಳಲ್ಲಿ ಒಂದು ಹಳದಿಯಲ್ಲೇ ನಿಂತಿತು, ಒಂದು ಮಿಣುಕತೊಡಗಿತು, ಇನ್ನೊಂದು ಮಂಕಾಯಿತು. ನೋಡಲು ಬಂದವರು ಮೂರನ್ನೂ ಬದಲಿಸಬೇಕೆಂದರು, ನಾವು ದುಡ್ಡು ಕೊಟ್ಟು ಬದಲಿಸಿದೆವು. ಆಮೇಲೆ ಹಳೆಯವನ್ನು ಲ್ಯಾಬಿನಲ್ಲಿ ಒಂದೊಂದಾಗಿ ಹಚ್ಚಿ ನೋಡಿದರೆ ಮೂರರಲ್ಲಿ ಎರಡಕ್ಕೆ ಏನೂ ಆಗಿರಲಿಲ್ಲ. ಒಂದಕ್ಕೆ ಬಣ್ಣದ ಲೆಕ್ಕ ತಪ್ಪಿತ್ತು. ಇನ್ನೊಂದರ ಡಿಫ್ಯೂಸರ್ (ಬೆಳಕು ಹರಡುವ) ಹಾಳೆಯ ಮೇಲೆ ಸೀಮೆಸುಣ್ಣದ ಧೂಳು ಹೊರಗಿಂದ, ಹುಳುಗಳು ಒಳಗಿಂದ ಕೂತಿದ್ದವು, ಅಷ್ಟೆ.

ಅಂದಿನಿಂದ ನಮ್ಮ ಶಾಲೆಯ ದೀಪಗಳ ರಿಜಿಸ್ಟರ್ ನನ್ನ ಕೈಯಲ್ಲಿದೆ. ಪಾಠ ಮಾಡುವುದು ವಿಜ್ಞಾನವಾದ್ದರಿಂದ ಈ ಕೆಲಸದ ಮೇಲೆ ಪ್ರೀತಿಯೂ ಬೆಳೆಯಿತು. ಇಲ್ಲಿ ಬರೆದಿರುವುದು ಶಿಕ್ಷಕರಿಗೆ, ಎಸ್‌ಡಿಎಂಸಿಯವರಿಗೆ, ಶಾಲೆಗೆ ಬರುವ ಊರಿನ ವೈರ್‌ಮನ್‌ಗಳಿಗೆ. ಕಾಸು ಖರ್ಚಿಲ್ಲದ ಪರೀಕ್ಷೆ ಮೊದಲು, ಏಣಿ ಹತ್ತುವುದು ಆಮೇಲೆ.

## ಕೈ ಹಾಕುವ ಮುನ್ನ

ಸ್ವಿಚ್ ಹಾಕಿ ತೆಗೆಯುವುದು, ರಿಮೋಟಿನ ಸೆಲ್ ಬದಲಿಸುವುದು, ಕಣ್ಣಿಟ್ಟು ನೋಡುವುದು, ನೋಡಿದ್ದನ್ನು ಬರೆದಿಡುವುದು ಶಿಕ್ಷಕರು ಮಾಡಬಹುದಾದ ಕೆಲಸ. ಸ್ವಿಚ್‌ಬೋರ್ಡ್ ಬಿಚ್ಚುವುದು, ಫಾಲ್ಸ್ ಸೀಲಿಂಗಿನ ಹಲಗೆ ಎತ್ತುವುದು, ಡ್ರೈವರ್ (ಲೈನಿನ ಕರೆಂಟನ್ನು ದೀಪಕ್ಕೆ ಬೇಕಾದಂತೆ ಬದಲಿಸಿಕೊಡುವ ಪೆಟ್ಟಿಗೆ) ಮುಟ್ಟುವುದು ಲೈಸೆನ್ಸ್ ಇರುವ ವೈರ್‌ಮನ್ ಕೆಲಸ.

"ಎಲ್‌ಇಡಿ ಅಲ್ವಾ, ಕಮ್ಮಿ ವೋಲ್ಟೇಜು, ಶಾಕ್ ಹೊಡೆಯಲ್ಲ" ಎಂದು ಎಷ್ಟೋ ಜನ ಹೇಳುತ್ತಾರೆ. ಅದನ್ನು ನಂಬಬೇಡಿ. ಅಗ್ಗದ ಡ್ರೈವರ್‌ಗಳು ಅನೇಕವು ಲೈನನ್ನು ಒಳಗಿನ ಎಲ್‌ಇಡಿ ಪಟ್ಟಿಯಿಂದ ಬೇರ್ಪಡಿಸಿರುವುದಿಲ್ಲ. ಪಟ್ಟಿ ಮುಟ್ಟಿದರೂ 230 ವೋಲ್ಟಿನ ತಂತಿ ಮುಟ್ಟಿದ ಹಾಗೆಯೇ. ಗೋಡೆಯ ಸ್ವಿಚ್ ಆಫ್ ಮಾಡಿದರೂ ಸಾಲದು, ಏಕೆಂದರೆ ಕರೆಂಟು ತರುವ ಫೇಸ್ ತಂತಿಯ ಬದಲು ಅದು ಮರಳಿ ಹೋಗುವ ನ್ಯೂಟ್ರಲ್‌ಗೆ ಸ್ವಿಚ್ ಹಾಕಿರುವ ಹಳೆಯ ಕಟ್ಟಡಗಳು ನಮ್ಮಲ್ಲಿ ಬೇಕಾದಷ್ಟಿವೆ. ಮೇಲೆ ಕೈ ಇಡುವ ಮೊದಲು ಮೇನ್ ಇಳಿಸಬೇಕು, ಇನ್ನೊಬ್ಬರು ಮೇನ್ ಬಳಿಯೇ ನಿಂತಿರಬೇಕು. ಬೆಂಚಿನ ಮೇಲೆ ಬೆಂಚಿಟ್ಟು ಹತ್ತುವುದು ಬೇಡ. ದೊಡ್ಡ ಹುಡುಗರನ್ನು ಹತ್ತಿಸುವುದಂತೂ ಬೇಡವೇ ಬೇಡ.

ವೈರ್‌ಮನ್‌ಗೆ ಒಂದು ಮಾತು: ದೀಪ ಉರಿಯುತ್ತಿರುವಾಗ ಡ್ರೈವರಿಗೂ ಪ್ಯಾನೆಲ್‌ಗೂ ನಡುವಿನ ಪಿನ್ ಎಳೆದು ಮತ್ತೆ ಚುಚ್ಚಬೇಡಿ. ಲೋಡ್ ಇಲ್ಲದ ಕ್ಷಣದಲ್ಲಿ ಡ್ರೈವರಿನ ವೋಲ್ಟೇಜು ಮೇಲೇರುತ್ತದೆ, ಮತ್ತೆ ಚುಚ್ಚಿದೊಡನೆ ಅದೆಲ್ಲ ಎಲ್‌ಇಡಿ ಮೇಲೆ ಬೀಳುತ್ತದೆ. ಚೆನ್ನಾಗಿದ್ದ ಪ್ಯಾನೆಲ್ ಪರೀಕ್ಷೆಯ ಹೊತ್ತಿನಲ್ಲೇ ಹೋಗುವುದು ಹೀಗೆ.

## ನಿಮ್ಮಲ್ಲಿರುವುದು ಯಾವ ಬಗೆ

ಎಲ್ಲ ಬಗೆಗೂ ಮೂಲ ಒಂದೇ. ಪ್ಯಾನೆಲ್ ಒಳಗೆ ಎರಡು ಸಾಲು ಎಲ್‌ಇಡಿ ಇರುತ್ತವೆ. ಒಂದು ಸುಮಾರು 3000 ಕೆಲ್ವಿನ್ನಿನ (ಬೆಳಕಿನ ಬಣ್ಣದ ಅಳತೆ) ಹಳದಿ ಬೆಳಕು ಕೊಡುವುದು, ಅಂಗಡಿಯಲ್ಲಿ ಇದಕ್ಕೆ ವಾರ್ಮ್ ಎನ್ನುತ್ತಾರೆ. ಇನ್ನೊಂದು ಸುಮಾರು 6500 ಕೆಲ್ವಿನ್ನಿನ ನೀಲಿ ಛಾಯೆಯ ಬಿಳಿ, ಅದು ಕೂಲ್. ನಡುವಿನ ಬಣ್ಣ ಬರುವುದು ಎರಡೂ ಸಾಲು ಒಟ್ಟಿಗೆ ಉರಿದಾಗ. ಈ ಒಂದು ಸಂಗತಿ ತಲೆಯಲ್ಲಿದ್ದರೆ ಮುಂದಿನ ಅರ್ಧ ದೋಷಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ವ್ಯತ್ಯಾಸ ಇರುವುದು ಬಣ್ಣ ಬದಲಿಸುವ ರೀತಿಯಲ್ಲಿ. ಸ್ವಿಚ್ ಆಫ್ ಮಾಡಿ ತಕ್ಷಣ ಆನ್ ಮಾಡಿದರೆ ಬಿಳಿ, ಹಳದಿ, ನ್ಯಾಚುರಲ್ (ನಡುವಿನ ಬಣ್ಣ) ಎಂದು ಸರದಿಯಲ್ಲಿ ಬದಲಾದರೆ ಅದು ತ್ರೀ-ಇನ್-ಒನ್ ಪ್ಯಾನೆಲ್. ಕಡಿಮೆ ಬೆಲೆಯದು, ದಾನಿಗಳು ಹಾಕಿಸಿಕೊಟ್ಟ ಕೋಣೆಗಳಲ್ಲಿ ನಾನು ಹೆಚ್ಚಾಗಿ ನೋಡಿರುವುದು ಇದನ್ನೇ. ರಿಮೋಟ್ ಅಥವಾ ಮೊಬೈಲ್ ಆಪ್ ಇದ್ದರೆ ನಿಸ್ತಂತು ಬಗೆ. ಗೋಡೆಯ ಮೇಲೆ 'ಓದು', 'ಪ್ರೊಜೆಕ್ಟರ್' ಎಂದೆಲ್ಲ ಬರೆದ ಬಟನ್ ಫಲಕವಿದ್ದು, ದೀಪಕ್ಕೆ ಹೋಗುವ ಕರೆಂಟಿನ ತಂತಿಯ ಜೊತೆ ಇನ್ನೆರಡು ನಿಯಂತ್ರಣದ ತಂತಿ ಇದ್ದರೆ ಅದು ಡಾಲಿ (ತಂತಿಯ ಮೂಲಕ ದೀಪಗಳಿಗೆ ಡಿಜಿಟಲ್ ಸಂದೇಶ ಕಳಿಸುವ) ಪದ್ಧತಿಯಾಗಿರುವ ಸಾಧ್ಯತೆ ಹೆಚ್ಚು. ಡ್ರೈವರ್ ಮೇಲೆ ಹೆಸರು ಅಚ್ಚಾಗಿರುತ್ತದೆ.

## ಎಲ್ಲಕ್ಕೂ ಮೊದಲು: ಎರಡು ತುದಿಯ ಪರೀಕ್ಷೆ

ಯಾವ ದೂರು ಬಂದರೂ ನಾನು ಮೊದಲು ಮಾಡುವುದು ಇದನ್ನೇ. ಪರದೆ ಎಳೆದು ಕೋಣೆ ಕತ್ತಲು ಮಾಡಿ. ದೀಪವನ್ನು ಪೂರ್ತಿ ಹಳದಿಗೆ ತನ್ನಿ, ಪ್ರತಿ ಪ್ಯಾನೆಲ್ ನೋಡಿ. ಪೂರ್ತಿ ಬಿಳಿಗೆ ತನ್ನಿ, ಮತ್ತೆ ನೋಡಿ. ಕೊನೆಗೆ ನಡುವಿನ ಬಣ್ಣ. ಒಂದು ಹಾಳೆಯಲ್ಲಿ ಕೋಣೆಯ ಚಿತ್ರ ಬರೆದು, ದೀಪಗಳಿಗೆ ನಂಬರ್ ಕೊಟ್ಟು, ಮೂರು ಸ್ಥಿತಿಯಲ್ಲೂ ಕಂಡದ್ದನ್ನು ಗುರುತು ಮಾಡಿ.

ಬರಿಗಣ್ಣಿಗೆ ಬಣ್ಣದ ವ್ಯತ್ಯಾಸ ಬೇಗ ಮರೆತುಹೋಗುತ್ತದೆ. ಎರಡು ನಿಮಿಷ ಹಳದಿ ಬೆಳಕಿನಲ್ಲಿದ್ದರೆ ಅದೇ ಬಿಳಿಯೆನಿಸತೊಡಗುತ್ತದೆ. ಅದಕ್ಕೆ ಎರಡು ಬಿಳಿ ಹಾಳೆಗಳನ್ನು ಅಕ್ಕಪಕ್ಕದ ದೀಪಗಳ ಕೆಳಗೆ ಒಂದೊಂದು ಇಟ್ಟು ಒಟ್ಟಿಗೆ ಹೋಲಿಸಿ. ಮೊಬೈಲಿನಲ್ಲಿ ಫೋಟೋ ತೆಗೆಯುವುದಾದರೆ ಕ್ಯಾಮೆರಾ ತಾನಾಗಿಯೇ ಬಣ್ಣ ತಿದ್ದಿಬಿಡುತ್ತದೆ, ಹಾಗಾಗಿ ಪ್ರೊ ಮೋಡಿಗೆ ಹೋಗಿ ವೈಟ್ ಬ್ಯಾಲೆನ್ಸನ್ನು 5000 ಕೆಲ್ವಿನ್‌ಗೆ ನಿಲ್ಲಿಸಿ ತೆಗೆಯಿರಿ.

## ಒಂದು ದೀಪ ಹಳದಿ, ಮಿಕ್ಕವು ಬಿಳಿ

ತ್ರೀ-ಇನ್-ಒನ್ ಪ್ಯಾನೆಲ್‌ಗಳಲ್ಲಿ ದಿನನಿತ್ಯದ ದೂರು ಇದು, ಮತ್ತು ಬಹಳ ಸಲ ಏನೂ ಕೆಟ್ಟಿರುವುದಿಲ್ಲ. ಪ್ರತಿ ಡ್ರೈವರ್ ಒಳಗೂ ಆಫ್-ಆನ್ ಎಣಿಸುವ ಚಿಕ್ಕದೊಂದು ಚಿಪ್ ಇದೆ. ಆರು ಪ್ಯಾನೆಲ್ ಇದ್ದರೆ ಆರು ಜನ ಬೇರೆ ಬೇರೆಯಾಗಿ ಎಣಿಸುತ್ತಿದ್ದಾರೆ ಎಂದುಕೊಳ್ಳಿ. ಸ್ವಿಚ್ಚಿನ ಕಾಂಟ್ಯಾಕ್ಟ್ ಸವೆದು ಚಿಟಿಚಿಟಿ ಎಂದರೆ, ಇಲ್ಲವೇ ಬೋರ್‌ವೆಲ್ ಮೋಟಾರ್ ಶುರುವಾದಾಗ ವೋಲ್ಟೇಜು ಕ್ಷಣಕಾಲ ಕುಸಿದರೆ, ಒಬ್ಬ ಅದನ್ನು ಒಂದು ಎಣಿಕೆ ಎಂದು ಹಿಡಿಯುತ್ತಾನೆ, ಇನ್ನೊಬ್ಬ ಹಿಡಿಯುವುದಿಲ್ಲ. ಅಲ್ಲಿಂದ ಮುಂದೆ ಅವರಿಬ್ಬರ ಲೆಕ್ಕ ಕೂಡುವುದಿಲ್ಲ.

ಸ್ವಿಚ್ ಆಫ್ ಮಾಡಿ ಪೂರ್ತಿ ಒಂದು ನಿಮಿಷ ಬಿಡಿ. ಹತ್ತು ಸೆಕೆಂಡಿಗೇ ಆತುರ ಪಡಬೇಡಿ, ಡ್ರೈವರಿನಲ್ಲಿ ಕರೆಂಟನ್ನು ಹಿಡಿದಿಡುವ ಕೆಪಾಸಿಟರ್‌ಗಳು ಖಾಲಿಯಾಗಬೇಕು. ಆಮೇಲೆ ಆನ್ ಮಾಡಿ. ಕೆಲವು ಮಾದರಿಗಳು ಹೀಗೆ ಮಾಡಿದಾಗ ಮೊದಲ ಬಣ್ಣಕ್ಕೇ ಮರಳಿ ಎಲ್ಲವೂ ಒಂದಾಗುತ್ತವೆ.

ಕೊನೆಯ ಬಣ್ಣವನ್ನು ನೆನಪಿಡುವ ಮಾದರಿಯಾದರೆ ಇದು ಫಲಿಸದು. ಆಗ ವೈರ್‌ಮನ್ ಮೇನ್ ಇಳಿಸಿ, ದಾರಿ ತಪ್ಪಿದ ಒಂದು ಪ್ಯಾನೆಲಿನ ಡ್ರೈವರ್‌ಗೆ ಬರುವ ಕರೆಂಟಿನ ತಂತಿಯನ್ನಷ್ಟೇ ಬಿಡಿಸಿ ತುದಿಗೆ ಟೇಪ್ ಸುತ್ತಬೇಕು. ಮೇನ್ ಹಾಕಿ ಮಿಕ್ಕ ಐದನ್ನೂ ಸ್ವಿಚ್ಚಿನಿಂದ ಆ ಒಂದರ ಬಣ್ಣಕ್ಕೆ ತರಬೇಕು. ಮತ್ತೆ ಮೇನ್ ಇಳಿಸಿ ಬಿಡಿಸಿದ್ದನ್ನು ಜೋಡಿಸಿದರೆ ಆರೂ ಒಂದೇ ಲೆಕ್ಕಕ್ಕೆ ಬರುತ್ತವೆ. ಹತ್ತು ನಿಮಿಷದ ಕೆಲಸ, ಸಾಮಾನಿನ ಖರ್ಚಿಲ್ಲ.

ಸರಿ ಮಾಡಿದ ವಾರದೊಳಗೆ ಮತ್ತೆ ತಪ್ಪಿದರೆ ಸ್ವಿಚ್ ಬದಲಿಸಿ ನೋಡಿ. ಪ್ಯಾನೆಲ್‌ಗಿಂತ ಸ್ವಿಚ್ ಎಷ್ಟೋ ಅಗ್ಗ. ಸ್ವಿಚ್ ಬದಲಿಸಿದರೂ ಹಾಗೇ ಇದ್ದರೆ ಮೋಟಾರ್ ಶುರುವಾಗುವ ಹೊತ್ತಿಗೂ ಬಣ್ಣ ತಪ್ಪುವ ಹೊತ್ತಿಗೂ ತಾಳೆ ಹಾಕಿ.

ಒಂದು ಪ್ಯಾನೆಲ್ ಕೆಟ್ಟಾಗ ಬೇರೆ ಕಂಪನಿಯದನ್ನು ತಂದು ಸೇರಿಸಿದ್ದರೆ ಅದರ ಸರದಿಯೇ ಬೇರೆ ಇರಬಹುದು: ಇಲ್ಲಿ ಬಿಳಿಯ ನಂತರ ಹಳದಿ, ಅಲ್ಲಿ ಬಿಳಿಯ ನಂತರ ನ್ಯಾಚುರಲ್. ಇವೆರಡು ಎಂದೂ ಕೂಡಿಬರುವುದಿಲ್ಲ. ಒಂದು ಕೋಣೆಗೆ ಒಂದೇ ಮಾದರಿ ಇರಲಿ. ಹೊಸದು ಹಾಕಲೇಬೇಕಾದರೆ ಅದನ್ನು ಬಣ್ಣ ಬದಲಿಸುವ ಅಗತ್ಯವಿಲ್ಲದ ವರಾಂಡಕ್ಕೆ ಹಾಕಿ, ಅಲ್ಲಿರುವ ಅದೇ ಮಾದರಿಯ ಹಳೆಯದನ್ನು ಒಳಗೆ ತನ್ನಿ.

## ಒಂದು ಬಣ್ಣದಲ್ಲಿ ಕತ್ತಲು, ಇನ್ನೊಂದರಲ್ಲಿ ಸರಿ

ಎರಡು ತುದಿಯ ಪರೀಕ್ಷೆ ಇಲ್ಲಿ ನೇರವಾಗಿ ಉತ್ತರ ಕೊಡುತ್ತದೆ. ಬಿಳಿಗೆ ತಂದಾಗ ಒಂದು ಪ್ಯಾನೆಲ್ ಪೂರ್ತಿ ಆರಿದರೆ, ಅದರ ಬಿಳಿ ಸಾಲಿಗೆ ಕರೆಂಟು ತಲುಪುತ್ತಿಲ್ಲ. ನಡುವಿನ ಬಣ್ಣದಲ್ಲಿ ಏನಾಗುತ್ತದೆ ಎಂಬುದನ್ನೂ ಗಮನಿಸಿ. ತ್ರೀ-ಇನ್-ಒನ್ ಡ್ರೈವರ್‌ಗಳಲ್ಲಿ ಸಾಮಾನ್ಯವಾಗಿ ಒಂದೇ ಕರೆಂಟು ಎರಡು ಸಾಲಿಗೆ ಹಂಚಿಹೋಗುತ್ತದೆ. ಬಿಳಿ ಸಾಲು ಸತ್ತಿದ್ದರೆ ಅದೆಲ್ಲ ಹಳದಿ ಸಾಲಿಗೇ ಹೋಗಿ, ನ್ಯಾಚುರಲ್ ಸ್ಥಿತಿಯಲ್ಲೂ ಅಷ್ಟೇ ಪ್ರಖರವಾದ ಹಳದಿ ಕಾಣುತ್ತದೆ. ಎರಡು ಸಾಲಿಗೂ ಬೇರೆ ಬೇರೆ ಹೊರದಾರಿ ಇರುವ ಡ್ರೈವರ್ ಆಗಿದ್ದರೆ ನಡುವಿನಲ್ಲಿ ಬೆಳಕು ಅರ್ಧಕ್ಕೆ ಇಳಿಯುತ್ತದೆ.

ಕಾರಣ ಮೂರರಲ್ಲಿ ಒಂದು. ಡ್ರೈವರ್ ಮತ್ತು ಪ್ಯಾನೆಲ್ ನಡುವಿನ ಕನೆಕ್ಟರಿನಲ್ಲಿ ಒಂದು ಪಿನ್ ಸಡಿಲ, ಪ್ಯಾನೆಲಿನೊಳಗೆ ಒಂದು ಎಲ್‌ಇಡಿ ಸುಟ್ಟು ಅದರ ಸಾಲೇ ಕಡಿದಿದೆ, ಇಲ್ಲವೇ ಡ್ರೈವರಿನ ಒಂದು ಬದಿ ಹೋಗಿದೆ. ಹೆಂಚಿನ ಮಾಡಿನ ಶಾಲೆಗಳಲ್ಲಿ ನಾಲ್ಕನೆಯದೂ ಇದೆ: ಇಲಿ, ಅಳಿಲು ತಂತಿ ಕಡಿದಿರುತ್ತವೆ. ಮೇನ್ ಇಳಿಸಿ ಮೊದಲು ಕನೆಕ್ಟರ್ ಬಿಗಿ ಮಾಡಿಸಿ. ಆಮೇಲೂ ಹಾಗೇ ಇದ್ದರೆ, ಪಕ್ಕದ ಚೆನ್ನಾಗಿರುವ ಅದೇ ಮಾದರಿಯ ದೀಪದ ಡ್ರೈವರನ್ನು ಇದಕ್ಕೂ ಇದರದನ್ನು ಅದಕ್ಕೂ ವೈರ್‌ಮನ್ ಹಾಕಿ ನೋಡಲಿ. ದೋಷ ಡ್ರೈವರ್ ಹಿಂದೆ ಹೋದರೆ ಡ್ರೈವರ್ ಕೆಟ್ಟಿದೆ, ಅಲ್ಲೇ ಉಳಿದರೆ ಪ್ಯಾನೆಲ್. ಅದಲು ಬದಲು ಮಾಡಿ ನೋಡುವ ಈ ಪರೀಕ್ಷೆಗೆ ಮೀಟರ್ ಕೂಡ ಬೇಡ.

ಪ್ಯಾನೆಲಿನ ಒಂದು ಅಂಚು ಮಾತ್ರ ಕಪ್ಪಾಗಿದ್ದರೆ ಆ ಅಂಚಿನ ಎಲ್‌ಇಡಿ ಪಟ್ಟಿ ಹೋಗಿದೆ. ಸುಟ್ಟ ಎಲ್‌ಇಡಿಯ ಹಳದಿ ಮೈಮೇಲೆ ಸಾಸಿವೆ ಸಿಡಿದು ಹತ್ತಿದಂತೆ ಒಂದು ಕಪ್ಪು ಚುಕ್ಕೆ ಇರುತ್ತದೆ. ಆ ಒಂದನ್ನು ತಂತಿಯಿಂದ ಜೋಡಿಸಿ ದಾಟಿಸುವವರಿದ್ದಾರೆ. ತರಗತಿಯ ದೀಪಕ್ಕೆ ಅದನ್ನು ಮಾಡಿಸಬೇಡಿ. ಮಿಕ್ಕ ಎಲ್‌ಇಡಿಗಳ ಮೇಲೆ ಹೊರೆ ಬೀಳಬಹುದು, ಬಿಸಿಯೂ ಏರಬಹುದು.

## ಎಲ್ಲ ಹಳದಿಯಾದಾಗ ಒಂದು ಬಿಳಿಯಾಗುತ್ತದೆ

ಕತ್ತಲೂ ಇಲ್ಲ, ಮಂಕೂ ಇಲ್ಲ, ಆದರೆ ಉಲ್ಟಾ. ಆ ಪ್ಯಾನೆಲಿನಲ್ಲಿ ಹಳದಿ ಮತ್ತು ಬಿಳಿ ಸಾಲಿನ ತಂತಿಗಳು ಅದಲು ಬದಲಾಗಿವೆ. ರಿಪೇರಿ ಆದ ಮಾರನೇ ದಿನ ಈ ದೂರು ಬಂದರೆ ಬೇರೆ ಏನನ್ನೂ ಹುಡುಕಬೇಕಿಲ್ಲ, ವೈರ್‌ಮನ್‌ಗೆ ಫೋನ್ ಮಾಡಿ.

## ಕಣ್ಣು ಉರಿ, ತಲೆನೋವು, ಮಿಣುಕು

ಮೂರನೇ ಬೆಂಚಿನ ಹುಡುಗಿಯೊಬ್ಬಳು ಒಂದು ಮಧ್ಯಾಹ್ನ "ಸಾರ್, ಅಕ್ಷರ ಕುಣೀತಿದೆ" ಎಂದಳು. ನಾನು ಅವಳ ಕನ್ನಡಕ ನೋಡಿದೆ, ಹಲಗೆ ನೋಡಿದೆ, ದೀಪವನ್ನೂ ನೋಡಿದೆ. ನನಗೆ ಏನೂ ಕಾಣಲಿಲ್ಲ. ಎರಡು ದಿನ ಬಿಟ್ಟು ಅವಳ ಜಾಗದಲ್ಲೇ ಕೂತು, ಪೆನ್ಸಿಲನ್ನು ಕಣ್ಣೆದುರು ಬೀಸಣಿಗೆಯಂತೆ ಆಡಿಸಿದೆ. ಪೆನ್ಸಿಲು ಮಸುಕಾದ ಒಂದೇ ಪಟ್ಟಿಯಾಗಿ ಕಾಣುವ ಬದಲು ಬಿಡಿಬಿಡಿ ಏಳೆಂಟು ಪೆನ್ಸಿಲುಗಳಾಗಿ ಕಂಡಿತು. ಅವಳ ತಲೆಯ ಮೇಲಿನ ಪ್ಯಾನೆಲ್ ಸೆಕೆಂಡಿಗೆ ನೂರು ಸಲ ಏರಿಳಿಯುತ್ತಿತ್ತು. ಮಕ್ಕಳು ಹೇಳಿದಾಗ ನಂಬಬೇಕೆಂದು ಅಂದು ಕಲಿತೆ, ಇಂದಿಗೂ ಆ ಎರಡು ದಿನದ ತಡ ನನ್ನ ಮನಸ್ಸಿನಲ್ಲಿದೆ.

ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತದ್ದು. ಡ್ರೈವರಿನ ಕೆಪಾಸಿಟರ್ ಸಣ್ಣದಾಗಿದ್ದರೆ ಅಥವಾ ಬಿಸಿಗೆ ಒಣಗಿದ್ದರೆ ಬೆಳಕು ಅದರ ಎರಡರಷ್ಟು, ಅಂದರೆ 100 ಸಲ ಏರಿಳಿಯುತ್ತದೆ. ಕಣ್ಣಿಗೆ ನೇರವಾಗಿ ಕಾಣದಿದ್ದರೂ ಕೆಲವರಿಗೆ ತಲೆನೋವು, ಕಣ್ಣಿನ ಆಯಾಸ ತರುತ್ತದೆ. ವಿದ್ಯುತ್ ಎಂಜಿನಿಯರುಗಳ ಐಇಇಇ ಸಂಸ್ಥೆಯ 2015ರ ಶಿಫಾರಸಿನಂತೆ 100 ಹರ್ಟ್ಜ್‌ನಲ್ಲಿ ಈ ಏರಿಳಿತ ಶೇ 8ರೊಳಗಿದ್ದರೆ ತೊಂದರೆಯ ಸಂಭವ ಕಡಿಮೆ.

ಪತ್ತೆಗೆ ಪೆನ್ಸಿಲ್ ಒಂದು ದಾರಿ. ಮೊಬೈಲ್ ಕ್ಯಾಮೆರಾವನ್ನು ದೀಪದ ಹತ್ತಿರ ಹಿಡಿದಾಗ ಪರದೆಯ ಮೇಲೆ ಕಪ್ಪು ಪಟ್ಟಿಗಳು ಹರಿದಾಡಿದರೆ, ಅಥವಾ ಸ್ಲೋ ಮೋಷನ್ನಿನಲ್ಲಿ ದೀಪ ಹೊತ್ತಿ ಆರಿದಂತೆ ಕಂಡರೆ ಅದು ಇನ್ನೊಂದು. ತಿರುಗುವ ಫ್ಯಾನಿನ ರೆಕ್ಕೆ ನಿಂತಂತೆಯೋ ಹಿಂದಕ್ಕೆ ಸುತ್ತಿದಂತೆಯೋ ಕಂಡರೂ ಅದೇ. ಈ ಪರೀಕ್ಷೆಯನ್ನು ಮೂರು ಬಣ್ಣದಲ್ಲೂ, ಬೆಳಕು ತಗ್ಗಿಸಿದಾಗಲೂ ಮಾಡಿ.

ಒಂದೇ ದೀಪ ಹೀಗಾದರೆ ಆ ಡ್ರೈವರ್ ಬದಲಿಸಬೇಕು. ಕೋಣೆಯ ಎಲ್ಲ ದೀಪಗಳೂ ಎಲ್ಲ ಹೊತ್ತಿನಲ್ಲೂ ಹೀಗಿದ್ದರೆ ತಂದ ಮಾಲೇ ಕಳಪೆ, ವಾರಂಟಿ ಇರುವಾಗಲೇ ವಿಡಿಯೋ ಸಮೇತ ವಾಪಸು ಕಳಿಸಿ. ಬೆಳಕು ತಗ್ಗಿಸಿದಾಗ ಮಾತ್ರ ಮಿಣುಕಿದರೆ ದೀಪಕ್ಕೂ ಡಿಮ್ಮರಿಗೂ ಹೊಂದಿಕೆಯಿಲ್ಲ. ಹಳೆಯ ಬಲ್ಬಿಗಿದ್ದ ಡಿಮ್ಮರನ್ನೋ ಫ್ಯಾನ್ ರೆಗ್ಯುಲೇಟರನ್ನೋ ಎಲ್‌ಇಡಿ ದಾರಿಯಲ್ಲಿ ಉಳಿಸಿಕೊಂಡಿದ್ದರೆ ಅದನ್ನು ತೆಗೆಸಿ. ಯುಪಿಎಸ್ ಮೇಲೆ ನಡೆಯುವಾಗ ಮಾತ್ರ ಗುಂಯ್‌ಗುಟ್ಟುತ್ತಾ ಮಿಣುಕಿದರೆ ಆ ಯುಪಿಎಸ್ ಸೈನ್ ವೇವ್ ಮಾದರಿಯದೇ ಎಂದು ಕೇಳಿ, ಅಗ್ಗದ ಸ್ಕ್ವೇರ್ ವೇವ್ ಮಾದರಿ ಇಂಥ ಡ್ರೈವರ್‌ಗಳಿಗೆ ಒಗ್ಗುವುದಿಲ್ಲ.

ಕಣ್ಣಿಗೆ ಎದ್ದು ಕಾಣುವಂಥ ನಿಧಾನದ ಮಿಣುಕು ಬೇರೆಯೇ ಜಾತಿಯದು. ಅದು ಸಡಿಲ ತಂತಿ ಅಥವಾ ಸಾಯುತ್ತಿರುವ ಡ್ರೈವರ್. ಆ ದೀಪವನ್ನು ಕೂಡಲೇ ಆಫ್ ಮಾಡಿ, ಪೀರಿಯಡ್ ಮುಗಿಯಲಿ ಎಂದು ಕಾಯಬೇಡಿ. ಸೆಕೆಂಡಿಗೆ 3ರಿಂದ 30 ಸಲದ ಮಿಣುಕು ಬೆಳಕಿಗೆ ಸಂವೇದನೆ ಇರುವ ಮೂರ್ಛೆರೋಗದ ಮಕ್ಕಳಲ್ಲಿ ಫಿಟ್ಸ್ ತರಬಲ್ಲದು.

ಇನ್ನೂ ಗಂಭೀರವಾದ ಚಿಹ್ನೆ ಒಂದಿದೆ. ಒಂದು ಕೋಣೆಯ ದೀಪ ಮಂಕಾದಾಗ ಪಕ್ಕದ ಕೋಣೆಯದು ಎಂದಿಗಿಂತ ಪ್ರಖರವಾದರೆ, ಫ್ಯಾನು ತಾನಾಗಿ ಜೋರಾದರೆ, ನ್ಯೂಟ್ರಲ್ ಸಡಿಲವಾಗಿದೆ. ಆಗ 230 ವೋಲ್ಟು ಬರಬೇಕಾದ ಕಡೆ 300ಕ್ಕೂ ಮೀರಬಹುದು. ಮೇನ್ ಇಳಿಸಿ, ಕಂಪ್ಯೂಟರುಗಳ ಪ್ಲಗ್ ಕೀಳಿಸಿ, ವೈರ್‌ಮನ್ನನ್ನು ಕರೆಸಿ. ಮೀಟರಿನಿಂದ ಆಚೆಗಿನ ದೋಷವಾದರೆ ಲೈನ್‌ಮನ್ ಬರಬೇಕು. ನಿಮ್ಮ ಭಾಗದ ಮೆಸ್ಕಾಂ, ಹೆಸ್ಕಾಂ, ಬೆಸ್ಕಾಂ ಯಾವುದೇ ಇರಲಿ, 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ.

## ರಿಮೋಟ್ ಅಥವಾ ಗೋಡೆಯ ಬಟನ್ ಕೇಳುತ್ತಿಲ್ಲ

ರಿಮೋಟಾದರೆ ಸೆಲ್ ಬದಲಿಸಿ. ರಿಮೋಟಿನ ಪುಟ್ಟ ದೀಪ ಮಿನುಗಿತೆಂದ ಮಾತ್ರಕ್ಕೆ ಸೆಲ್ ಚೆನ್ನಾಗಿದೆ ಎಂದಲ್ಲ. ಆ ದೀಪಕ್ಕೆ ಸಾಕಾಗುವ ಶಕ್ತಿ ರೇಡಿಯೋ ಸಂದೇಶಕ್ಕೆ ಸಾಲದಿರಬಹುದು. ಆಮೇಲೆ ದೀಪದ ನೇರ ಕೆಳಗೆ ನಿಂತು ಒತ್ತಿ. ಹತ್ತಿರದಿಂದ ಕೇಳುತ್ತದೆ, ಮೇಜಿನಿಂದ ಕೇಳುವುದಿಲ್ಲ ಎಂದಾದರೆ ದಾರಿಯಲ್ಲಿ ಅಡ್ಡಿ ಇದೆ. ಲೋಹದ ಸೀಲಿಂಗ್, ಕಬ್ಬಿಣದ ಬೀರು, ದೀಪದ ಪಕ್ಕದಲ್ಲೇ ಕೂರಿಸಿದ ವೈಫೈ ರೂಟರ್, ಇವು ನಾನು ಕಂಡ ಮೂರು ಕಾರಣಗಳು. ವೈಫೈಯೂ ಈ ರಿಮೋಟುಗಳಲ್ಲಿ ಹೆಚ್ಚಿನವೂ 2.4 ಗಿಗಾಹರ್ಟ್ಜ್‌ನಲ್ಲೇ ಮಾತಾಡುವುದರಿಂದ ರೂಟರನ್ನು ಎರಡು ಮೀಟರ್ ಸರಿಸಿದ್ದೇ ಒಂದು ಕೋಣೆಯಲ್ಲಿ ಸಾಕಾಯಿತು. ಹತ್ತಿರದಿಂದಲೂ ಒಂದು ದೀಪ ಕೇಳದಿದ್ದರೆ ಅದರ ಜೋಡಣೆ ಅಳಿಸಿಹೋಗಿದೆ, ಕೈಪಿಡಿ ನೋಡಿ ಮತ್ತೆ ಪೇರ್ ಮಾಡಿ.

ಡಾಲಿ ಇರುವ ಕಡೆ ಮೊದಲು ಕೇಳಬೇಕಾದ ಪ್ರಶ್ನೆ: ಒಂದೇ ದೀಪವೋ, ಎಲ್ಲವೋ? ಎಲ್ಲ ದೀಪಗಳೂ ಪೂರ್ತಿ ಪ್ರಖರವಾಗಿ ಉರಿಯುತ್ತಾ ಯಾವ ಬಟನ್ನಿಗೂ ಜಗ್ಗದಿದ್ದರೆ ನಿಯಂತ್ರಣದ ಜೋಡಿ ತಂತಿ ಸತ್ತಿದೆ. ಸಂದೇಶದ ದಾರಿ ಕಡಿದಾಗ ಪೂರ್ತಿ ಬೆಳಕು ಕೊಡುವುದು ಈ ಡ್ರೈವರ್‌ಗಳ ಕಾರ್ಖಾನೆಯ ಹೊಂದಿಕೆ, ಕತ್ತಲಾಗದಿರಲಿ ಎಂದು. ವೈರ್‌ಮನ್ ಆ ಎರಡು ತಂತಿಗಳ ನಡುವೆ ಡಿಸಿ ವೋಲ್ಟೇಜು ಅಳೆಯಲಿ. ಸುಮಾರು 16 ವೋಲ್ಟು ಇರಬೇಕು. ಸೊನ್ನೆ ಇದ್ದರೆ ಡಾಲಿಯ ಪವರ್ ಸಪ್ಲೈ ಹೋಗಿದೆ, ಇಲ್ಲವೇ ಎಲ್ಲೋ ಎರಡು ತಂತಿ ಒಂದಕ್ಕೊಂದು ತಾಗಿವೆ. 16 ವೋಲ್ಟು ತಾನೇ ಎಂದು ಬರಿಗೈಯಲ್ಲಿ ಮುಟ್ಟುವಂತಿಲ್ಲ. ಈ ತಂತಿ ಕರೆಂಟಿನ ತಂತಿಯ ಜೊತೆಯಲ್ಲೇ ಓಡುತ್ತದೆ, ಅದಕ್ಕೆ ಶಾಕ್ ತಡೆಯುವ ಪೂರ್ಣ ಪ್ರತ್ಯೇಕತೆ ಇಲ್ಲ.

ಡ್ರೈವರ್ ಬದಲಿಸಿದ ಮೇಲೆ ಒಂದು ದೀಪ ಮಾತ್ರ ಮಾತು ಕೇಳದಿದ್ದರೆ ಹೊಸ ಡ್ರೈವರಿಗೆ ವಿಳಾಸ ಕೊಟ್ಟಿಲ್ಲ. ಒಂದು ಡಾಲಿ ಸಾಲಿನಲ್ಲಿ 64 ವಿಳಾಸಗಳವರೆಗೆ ಇರುತ್ತವೆ, ಹೊಸಬನಿಗೆ ಅವುಗಳಲ್ಲಿ ಒಂದನ್ನು ಕೊಟ್ಟು ಗುಂಪಿಗೆ ಸೇರಿಸುವುದು ಸಾಫ್ಟ್‌ವೇರ್ ಇರುವವರ ಕೆಲಸ. ತಂದಿರುವ ಡ್ರೈವರ್ ಬಣ್ಣ ಬದಲಿಸಬಲ್ಲದೆಂಬ ಗುರುತಾದ ಡಿಟಿ8 ಎಂದು ಬರೆದದ್ದೇ ಎಂದೂ ನೋಡಿ. ಬರೀ ಡಿಟಿ6 ಡ್ರೈವರ್ ಬೆಳಕನ್ನು ಏರಿಸಿ ಇಳಿಸುತ್ತದೆ, ತಾನೊಬ್ಬನೇ ಬಣ್ಣ ಬದಲಿಸಲಾರದು.

## ಹೊತ್ತಲ್ಲದ ಹೊತ್ತಿಗೆ ಬಣ್ಣ ಬದಲಾಗುತ್ತದೆ

ಗಡಿಯಾರಕ್ಕೆ ಕಟ್ಟಿದ ವ್ಯವಸ್ಥೆ ಇರುವ ಶಾಲೆಗಳಲ್ಲಿ ಮಾತ್ರ ಈ ದೂರು. ಬೆಳಿಗ್ಗೆ 9ಕ್ಕೆ ಬರಬೇಕಾದ ಬಿಳಿ ಬೆಳಕು ಮಧ್ಯಾಹ್ನ 2:30ಕ್ಕೆ ಬಂದರೆ ಲೆಕ್ಕ ಹಾಕಿ ನೋಡಿ: ಸರಿಯಾಗಿ ಐದೂವರೆ ಗಂಟೆ. ನಿಯಂತ್ರಕ ಯುಟಿಸಿ ಎಂಬ ಜಾಗತಿಕ ಕಾಲಮಾನದಲ್ಲಿದೆ (ನಮ್ಮದು ಅದಕ್ಕಿಂತ ಅಷ್ಟೇ ಮುಂದೆ), ಯಾರೂ ಅದಕ್ಕೆ ಭಾರತದ ಸಮಯ ಹೇಳಿಲ್ಲ. ಪ್ರತಿ ಸಲ ಕರೆಂಟು ಹೋಗಿ ಬಂದ ಮೇಲೆ ಸಮಯ ತಪ್ಪಿದರೆ ಒಳಗಿನ ನಾಣ್ಯದಂಥ ಸೆಲ್ ಮುಗಿದಿದೆ. ಸಮಯ ಸರಿಯಿದ್ದೂ ಕರೆಂಟು ಬಂದಾಗ ಬೇರೆ ಬಣ್ಣದಲ್ಲಿ ಹೊತ್ತಿಕೊಂಡರೆ ಅದು ದೋಷವಲ್ಲ, 'ಕರೆಂಟು ಬಂದಾಗ ಯಾವ ಸ್ಥಿತಿ' ಎಂಬ ಹೊಂದಿಕೆ. ಅಳವಡಿಸಿದವರಿಂದ ಅದನ್ನು 4000 ಕೆಲ್ವಿನ್‌ಗೆ ಇಡಿಸಿಕೊಳ್ಳಿ, ಯಾವ ಪಾಠಕ್ಕೂ ನಡೆಯುತ್ತದೆ.

## ಆಫ್ ಮಾಡಿದರೂ ಮಂದವಾಗಿ ಉರಿಯುತ್ತದೆ

ಸ್ವಿಚ್ಚಿನಲ್ಲಿ ಪುಟ್ಟ ಇಂಡಿಕೇಟರ್ ದೀಪವಿದ್ದರೆ ಅದರ ಮೂಲಕ ಹರಿಯುವ ಸಣ್ಣ ಕರೆಂಟೇ ಸಾಕು. ಇಂಡಿಕೇಟರ್ ಇಲ್ಲದ ಸ್ವಿಚ್ ಹಾಕಿಸಿ. ಅದಾದ ಮೇಲೂ ಉರಿದರೆ ಸ್ವಿಚ್ ನ್ಯೂಟ್ರಲ್‌ನಲ್ಲಿರುವ ಅನುಮಾನ ಬಲವಾಗುತ್ತದೆ. ಅಂದರೆ ಆಫ್ ಮಾಡಿದ ದೀಪದಲ್ಲೂ ಲೈನ್ ಜೀವಂತ. ಒರೆಸಲು ಯಾರನ್ನೂ ಹತ್ತಿಸುವ ಮುನ್ನ ಇದನ್ನು ಸರಿಪಡಿಸಿಕೊಳ್ಳಿ.

## ಮೊದಲಿನ ಬೆಳಕು ಇಲ್ಲ, ಬಿಳಿಯೂ ಹಳದಿಯಾಗಿದೆ

ಮೇನ್ ಇಳಿಸಿ, ದೀಪ ಆರಿ ತಣ್ಣಗಾದ ಮೇಲೆ, ಚೆನ್ನಾಗಿ ಹಿಂಡಿದ ಮೆತ್ತನೆ ಬಟ್ಟೆಯಿಂದ ಒರೆಸಿಸಿ, ಒಣಬಟ್ಟೆಯಿಂದ ಇನ್ನೊಮ್ಮೆ. ನೀರು ಎರಚಬಾರದು, ಸ್ಪಿರಿಟ್ ಬೇಡ. ಸೀಮೆಸುಣ್ಣ ಬಳಸುವ ಕೋಣೆಯಲ್ಲಿ ಇದೊಂದರಿಂದಲೇ ಕಣ್ಣಿಗೆ ಕಾಣುವಷ್ಟು ಬೆಳಕು ಮರಳುತ್ತದೆ. ಒರೆಸಿದ ಮೇಲೂ ಎಲ್ಲ ಸ್ಥಿತಿಯಲ್ಲೂ ಹಳದಿ ಛಾಯೆ ಉಳಿದರೆ ಡಿಫ್ಯೂಸರ್ ಹಾಳೆಯ ಪ್ಲಾಸ್ಟಿಕ್ಕೇ ಹಳದಿಗಟ್ಟಿದೆ, ಅಗ್ಗದ ಹಾಳೆಗಳ ಗುಣವೇ ಹಾಗೆ. ಬಿಳಿ ಮೊದಲಿಗಿಂತ ನೀಲಿಗೆ ತಿರುಗಿದ್ದರೆ ಎಲ್‌ಇಡಿ ಮೇಲಿನ ಫಾಸ್ಫರ್ ಲೇಪ ಸವೆದಿದೆ, ಅದಕ್ಕೆ ರಿಪೇರಿ ಇಲ್ಲ.

ಭಾರತೀಯ ಮಾನಕ ಐಎಸ್ 3646 ತರಗತಿಗೆ ಹೇಳುವುದು 200ರಿಂದ 500 ಲಕ್ಸ್ (ಬೀಳುವ ಬೆಳಕಿನ ಪ್ರಮಾಣದ ಅಳತೆ), ನಡುವಿನ ಅಂಕಿ 300. ಮೊಬೈಲಿನ ಲಕ್ಸ್ ಆಪ್ ಕರಾರುವಾಕ್ಕಲ್ಲ, ಆದರೆ ಅದೇ ಮೊಬೈಲಿನಿಂದ ಅದೇ ಬೆಂಚಿನ ಮೇಲೆ ಆರು ತಿಂಗಳಿಗೊಮ್ಮೆ ಅಳೆದರೆ ಇಳಿಕೆ ತಿಳಿಯುತ್ತದೆ. ಹಗಲಿನಲ್ಲಿ ಅಳೆದರೆ ದೀಪ ಹಾಕಿದಾಗಿನ ಅಂಕಿಯಿಂದ ಆರಿಸಿದಾಗಿನ ಅಂಕಿಯನ್ನು ಕಳೆಯಿರಿ.

ಇಲ್ಲೇ ಸೇರಿಸಬೇಕಾದ ಇನ್ನೊಂದು ದೂರು: "ದೀಪ ಎಲ್ಲ ಸರಿ ಇದೆ, ಆದರೆ ಬಿಳಿ ಹಾಕಿದರೂ ಮಕ್ಕಳು ಚುರುಕಾಗಲ್ಲ." ಜರ್ಮನಿಯ ಹ್ಯಾಂಬರ್ಗಿನ ಶಾಲೆಗಳಲ್ಲಿ ಇಂಥ ದೀಪಗಳನ್ನು ಪರೀಕ್ಷಿಸಿದಾಗ ಮಕ್ಕಳ ಓದುವ ವೇಗ ಹೆಚ್ಚಿದ್ದು, ಏಕಾಗ್ರತೆಯ ಪರೀಕ್ಷೆಯಲ್ಲಿ ತಪ್ಪು ಕಡಿಮೆಯಾದದ್ದು ನಿಜ. ಆದರೆ ಅಲ್ಲಿ ಏಕಾಗ್ರತೆಯ ಸ್ಥಿತಿಯಲ್ಲಿ ಬಣ್ಣದ ಜೊತೆ ಬೆಳಕಿನ ಪ್ರಮಾಣವನ್ನೂ 1000 ಲಕ್ಸ್ ಆಸುಪಾಸಿಗೆ ಏರಿಸಿದ್ದರು. ನಮ್ಮ ತ್ರೀ-ಇನ್-ಒನ್ ಪ್ಯಾನೆಲ್ ಬಣ್ಣ ಬದಲಿಸುತ್ತದೆ, ಬೆಳಕನ್ನು ಹೆಚ್ಚಿಸುವುದಿಲ್ಲ. 150 ಲಕ್ಸ್ ಇರುವ ಕೋಣೆಯಲ್ಲಿ 6500 ಕೆಲ್ವಿನ್ ಹಾಕಿದರೆ ಮಳೆಗಾಲದ ಸಂಜೆಯಂತೆ ಬೂದುಬೂದಾಗಿ ಕಾಣುತ್ತದೆ. ಮೊದಲು ಬೆಳಕು ಸಾಕಷ್ಟಿದೆಯೇ ನೋಡಿ, ಗೋಡೆಗೆ ಸುಣ್ಣ ಬಳಿಸಿ, ಬಣ್ಣದ ಮಾತು ಆಮೇಲೆ.

## ಇಲ್ಲಿಗೆ ನಿಲ್ಲಿಸಿ

ಎಂಸಿಬಿ ಬಿದ್ದರೆ ಒಂದು ಸಲ ಎತ್ತಿ ನೋಡಬಹುದು. ಮತ್ತೆ ಬಿದ್ದರೆ ಮುಟ್ಟಬೇಡಿ. ಸುಟ್ಟ ವಾಸನೆ, ಸೀಲಿಂಗಿನ ಮೇಲೆ ಕಂದು ಕಲೆ, ಪ್ಯಾನೆಲಿನ ಚೌಕಟ್ಟು ಮುಟ್ಟಿದಾಗ ಜುಮ್ಮೆನ್ನುವುದು, ದೀಪದೊಳಗೆ ಮಳೆನೀರು, ಇವುಗಳಲ್ಲಿ ಯಾವುದು ಕಂಡರೂ ಮೇನ್ ಇಳಿಸಿ ಮಕ್ಕಳನ್ನು ಬೇರೆ ಕೋಣೆಗೆ ಕಳಿಸಿ. ನೀರು ಹೊಕ್ಕ ಪ್ಯಾನೆಲ್ ಒಣಗಿದ ಮೇಲೆ ಉರಿಯುತ್ತದೆ ನಿಜ, ವೈರ್‌ಮನ್ ಮೆಗ್ಗರ್ (ಕರೆಂಟು ಸೋರುತ್ತಿದೆಯೇ ಎಂದು ತಿಳಿಸುವ ಮೀಟರ್) ಹಿಡಿದು ನೋಡುವ ತನಕ ಉರಿಸಬಾರದು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಒಂದೇ ಸಿಡಿಲಿಗೆ ಹಲವು ಡ್ರೈವರ್ ಒಟ್ಟಿಗೆ ಹೋಗಿದ್ದರೆ, ಹೊಸವನ್ನು ಹಾಕುವ ಮುನ್ನ ಅರ್ತಿಂಗ್ ಪರೀಕ್ಷೆ ಮಾಡಿಸಿ, ಮೇನ್ ಬೋರ್ಡಿಗೆ ಸರ್ಜ್ (ವೋಲ್ಟೇಜಿನ ದಿಢೀರ್ ಏರಿಕೆ) ತಡೆಯುವ ಸಾಧನ ಹಾಕಿಸಿ. ಇಲ್ಲವಾದರೆ ಮುಂದಿನ ಸಿಡಿಲಿಗೆ ಹೊಸವೂ ಹೋಗುತ್ತವೆ.

ವೈರ್‌ಮನ್ನನ್ನು ಕರೆಯುವಾಗ "ದೀಪ ಕೆಟ್ಟಿದೆ, ಬನ್ನಿ" ಎನ್ನಬೇಡಿ. "ಏಳನೇ ತರಗತಿ, ನಾಲ್ಕನೇ ನಂಬರಿನ ಪ್ಯಾನೆಲ್, ಬಿಳಿಯಲ್ಲಿ ಕತ್ತಲು, ಹಳದಿಯಲ್ಲಿ ಸರಿ, ಸೋಮವಾರದಿಂದ" ಎಂದು ಹೇಳಿ, ಡ್ರೈವರಿನ ಲೇಬಲ್ ಕಾಣುವ ಫೋಟೋ ಇದ್ದರೆ ಕಳಿಸಿ. ಹೊಸ ಡ್ರೈವರ್ ತರುವಾಗ ವ್ಯಾಟ್ ಒಂದನ್ನೇ ನೋಡಿದರೆ ಸಾಲದು. ಹಳೆಯದರ ಮೇಲೆ ಅಚ್ಚಾದ ಮಿಲಿಆಂಪ್ ಮತ್ತು ಔಟ್‌ಪುಟ್ ವೋಲ್ಟೇಜಿನ ವ್ಯಾಪ್ತಿ ಎರಡೂ ಹೊಂದಬೇಕು. ಮಿಲಿಆಂಪ್ ಹೆಚ್ಚಿದ್ದರೆ ದೀಪ ಮೊದಲ ದಿನ ಚೆನ್ನಾಗಿ ಬೆಳಗಿ, ಬಿಸಿಗೆ ಬೇಗ ಸಾಯುತ್ತದೆ. ಹಾಕಿದ ದಿನಾಂಕವನ್ನು ಡ್ರೈವರಿನ ಮೇಲೇ ಮಾರ್ಕರ್ ಪೆನ್ನಿನಲ್ಲಿ ಬರೆಸಿ. ಕೆಲಸ ಮುಗಿಯಿತು ಎಂದಾಗ ಪರದೆ ಎಳೆದು, ಪೂರ್ತಿ ಹಳದಿ, ಪೂರ್ತಿ ಬಿಳಿ, ನಡುವಿನ ಬಣ್ಣ ಮೂರನ್ನೂ ವೈರ್‌ಮನ್ ಎದುರಿಗೇ ಹಾಕಿ ನೋಡಿ, ಅವರು ಏಣಿ ಮಡಚುವ ಮೊದಲು.